ನೆಲದ ಮೇಲೆ ಕಟ್ಟಿದ ಹಡಗು: ನೌಕಾ ಬ್ಯಾರಕ್ಕುಗಳ ಕುರಿತು ಓದುಗರ ಪ್ರಶ್ನೆಗಳು

ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವು ಮೊದಲು ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದನ್ನು ಓದಿದ ಹುಬ್ಬಳ್ಳಿಯ ತಾಯಿಯೊಬ್ಬರು ತಮ್ಮ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿರುವ ಗ್ರಂಥಾಲಯದ ಫೋಟೊಗಳನ್ನು ಕಳಿಸಿ, ಅದರ ಪೂರ್ವವೃತ್ತಾಂತವನ್ನು ಕೇಳಿದರು. ಅವರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಮೇಲೆ ಧಾರವಾಡ, ಹಾನಗಲ್ ಮತ್ತು ಗದಗಗಳಿಂದಲೂ ಅದೇ ವಿಷಯದ ಪತ್ರಗಳು ಬಂದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ನೌಕಾ ಬ್ಯಾರಕ್ಕುಗಳಿಗೇ, ಎಂದರೆ ದಡದ ಮೇಲೆ ನಾವಿಕರಿಗೆಂದು ಕಟ್ಟಿದ ವಸತಿಗಳಿಗೇ, ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಕೆಂಟ್ ಪ್ರಾಂತದ ಚ್ಯಾಟಮ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಅವರ ಗ್ರಂಥಾಲಯವು ಹಿಂದೆ ನೌಕಾಪಡೆಯ ಕವಾಯತು ಮನೆಯಾಗಿತ್ತಂತೆ, ತರಗತಿಗಳು ನಡೆಯುವ ಕಟ್ಟಡಗಳಲ್ಲಿ ನಾವಿಕರು ಮಲಗುತ್ತಿದ್ದರಂತೆ. ನಾವಿಕರು ಹಡಗಿನಲ್ಲಿ ಇರುವವರಲ್ಲವೆ? ಅವರಿಗೆ ನೆಲದ ಮೇಲೆ ಇಷ್ಟು ದೊಡ್ಡ ಕಟ್ಟಡಗಳು ಏಕೆ ಬೇಕಾದವು? ಅಲ್ಲಿ 1917ರಲ್ಲಿ ಬಾಂಬು ಬಿದ್ದು ಬಹಳ ಹುಡುಗರು ಸತ್ತರೆಂದು ಜತೆಯವರು ಹೇಳಿದ ದಿನದಿಂದ ಮಗಳು ಅಲ್ಲಿ ರಾತ್ರಿ ಹೊತ್ತು ಕುಳಿತು ಓದಲು ಹಿಂಜರಿಯುತ್ತಿದ್ದಾಳೆ. ಅದು ನಿಜವೆ?
ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾನ್ಯ ಸೋದರಿಯವರೆ, ನಾವಿಕರು ಹಡಗಿನಲ್ಲಿ ಇರುವವರು ಎಂದು ತಾವು ಅಂದುಕೊಂಡಂತೆಯೇ ಬ್ರಿಟಿಷ್ ನೌಕಾಪಡೆಯೂ ಬಹುಕಾಲ ಅಂದುಕೊಂಡಿತ್ತು. 1853ರ ವರೆಗೆ ಅಲ್ಲಿಯ ಸಾಮಾನ್ಯ ನಾವಿಕ ಒಂದು ಹಡಗಿನ ಆಳಾಗಿದ್ದನೇ ಹೊರತು ಪಡೆಯ ಆಳಾಗಿರಲಿಲ್ಲ. ಹಡಗು ಯಾನಕ್ಕೆ ಸಜ್ಜಾಗುವಾಗ ಅವನನ್ನು ಸೇರಿಸಿಕೊಳ್ಳುತ್ತಿದ್ದರು; ಕೆಲವು ವರ್ಷಗಳ ನಂತರ ಹಡಗು ಬಂದರಿಗೆ ಮರಳಿದಾಗ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಿದ್ದರು. ಸುಗ್ಗಿಗೆ ಬಂದ ಕೂಲಿಯವರಿಗೆ ಹೊಲದ ಒಡೆಯ ಮನೆ ಕಟ್ಟಿಸಿಕೊಡಬೇಕಾದ ಪ್ರಸಂಗ ಬರುವುದಿಲ್ಲವಷ್ಟೆ, ಅದೇ ರೀತಿ ನೌಕಾಪಡೆಗೂ ನಾವಿಕನ ವಸತಿಯ ಚಿಂತೆ ಇರಲಿಲ್ಲ. 1853ರಲ್ಲಿ ನಿರಂತರ ಸೇವೆಯ ಕಾನೂನು ಬಂದು, ಹದಿನೆಂಟರ ವಯಸ್ಸಿನಿಂದ 10 ವರ್ಷಗಳ ಕಾಲ ಪಡೆಗೇ ಸೇರಿಕೊಳ್ಳುವ ವ್ಯವಸ್ಥೆಯಾದ ಮೇಲೆ ಹೊಸ ತೊಡಕು ಎದುರಾಯಿತು. ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತುವ ತನಕ ಈ ಸಂಬಳದ ಆಳು ಎಲ್ಲಿ ಇರಬೇಕು, ಏನು ಉಣ್ಣಬೇಕು, ಯಾರ ಕಣ್ಣಳತೆಯಲ್ಲಿ ಇರಬೇಕು?

ಅದಕ್ಕೆ ಮೊದಲು ಸಿಕ್ಕ ಉತ್ತರ ಅಗ್ಗದ್ದಾಗಿತ್ತು. ಹಾಯಿಕಂಬ ತೆಗೆದುಹಾಕಿದ, ಯುದ್ಧಕ್ಕೆ ಬಾರದ ಹಳೆಯ ಮರದ ಹಡಗುಗಳನ್ನು ಬಂದರಿನಲ್ಲಿ ಕಟ್ಟಿಹಾಕಿ, ಅವುಗಳಲ್ಲಿಯೇ ನಾವಿಕರನ್ನು ತುಂಬಿದರು. ಇಂಥ ಹಡಗನ್ನು ‘ಹಲ್ಕ್’ ಎನ್ನುತ್ತಾರೆ. ಒಳಗೆ ಸದಾ ತೇವ, ತಗ್ಗಾದ ಮಾಳಿಗೆ, ಗಾಳಿಯ ಕೊರತೆ. ನೂರಾರು ಜನರ ಉಸಿರು ಒಂದೇ ಕಡೆ. ಕ್ಷಯದಂಥ ರೋಗಗಳಿಗೆ ಇದಕ್ಕಿಂತ ಅನುಕೂಲವಾದ ಜಾಗ ಬೇರೆ ಬೇಕಿರಲಿಲ್ಲ. ಹಾಯಿಯ ಕಾಲ ಮುಗಿದು ಉಗಿಯ ಕಾಲ ಬಂದಾಗ ಇನ್ನೊಂದು ಕೊರತೆಯೂ ಎದ್ದು ಕಂಡಿತು. ಬಾಯ್ಲರಿಗೆ ಕಲ್ಲಿದ್ದಲು ಉಣಿಸುವವರಿಗೆ, ಹೊಸ ಬಗೆಯ ತೋಪು ಮತ್ತು ಟಾರ್ಪಿಡೊ ನಡೆಸುವವರಿಗೆ ಬಂದರಿನಲ್ಲಿಯೇ ಕಲಿಸಬೇಕಾಗಿತ್ತು, ಆದರೆ ಹಲ್ಕಿನೊಳಗೆ ಕಲಿಸಲು ಜಾಗವೆಲ್ಲಿ? 1889ರ ನೌಕಾ ರಕ್ಷಣಾ ಕಾನೂನಿನ ತರುವಾಯ ಹಡಗುಗಳ ಸಂಖ್ಯೆ ಏರಿತು, ಅವುಗಳೊಡನೆ ನಾವಿಕರ ಸಂಖ್ಯೆಯೂ ಏರಿತು. 1895ರಿಂದ ನೌಕಾ ಕಾಮಗಾರಿಗಳ ಹೆಸರಿನಲ್ಲಿ ಸಂಸತ್ತು ಪ್ರತ್ಯೇಕವಾಗಿ ಹಣ ಒದಗಿಸಲಾರಂಭಿಸಿದ ಮೇಲೆ ಬಂದರುಗಳಲ್ಲಿ ಬ್ಯಾರಕ್ಕುಗಳು ಎದ್ದವು. ಡೆವನ್‌ಪೋರ್ಟ್ ಮಾತ್ರ ಮೊದಲೇ ಹೊರಟಿತ್ತು; ಅಲ್ಲಿ 1879ರಲ್ಲಿಯೇ 2,500 ಜನರಿಗೆಂದು ಕೆಲಸ ಆರಂಭವಾಗಿತ್ತು. ಚ್ಯಾಟಮ್‌ನಲ್ಲಿ 1897ರಲ್ಲಿ ಹಾಗೂ ಪೋರ್ಟ್ಸ್‌ಮತ್‌ನಲ್ಲಿ 1899ರಲ್ಲಿ ಆರಂಭವಾಗಿ, ಎರಡೂ 1903ರ ಹೊತ್ತಿಗೆ ಮುಗಿದವು.

ತಮ್ಮ ಮಗಳು ಓಡಾಡುವ ನೆಲಕ್ಕೆ ಇನ್ನೂ ಹಳೆಯ ಕಥೆ ಇದೆ. ಬ್ಯಾರಕ್ಕು ಬರುವುದಕ್ಕೆ ಮೊದಲು ಅಲ್ಲಿ ಕೈದಿಗಳ ಸೆರೆಮನೆ ಇತ್ತು. ಆ ಕೈದಿಗಳು ಪಕ್ಕದ ಹಡಗುಕಟ್ಟೆಯನ್ನು ಅಗಲಿಸಲು ಜೌಗು ನೆಲವನ್ನು ಅಗೆದು, ಹಡಗು ನಿಲ್ಲುವ ದೊಡ್ಡ ಕೊಳಗಳನ್ನು ಕಟ್ಟಿದರು. ಆ ಕೆಲಸ ಮುಗಿದ ಮೇಲೆ ಸೆರೆಮನೆಯನ್ನು ಕೆಡವಿ ಅದೇ ಜಾಗದಲ್ಲಿ ನಾವಿಕರಿಗೆ ಮನೆ ಎಬ್ಬಿಸಿದರು. ನಕಾಶೆ ಹಾಕಿದವರು ಸೇನೆಯ ಇಂಜಿನಿಯರ್ ದಳದಿಂದ ಬಂದ ಸರ್ ಹೆನ್ರಿ ಪಿಲ್ಕಿಂಗ್ಟನ್. ವಿಶ್ವವಿದ್ಯಾಲಯವು ಇಂದು ಅಲ್ಲಿಯ ಒಂದು ಕಟ್ಟಡವನ್ನು ಅವರ ಹೆಸರಿನಿಂದಲೇ ಕರೆಯುತ್ತದೆ, ಮಗಳನ್ನು ಕೇಳಿದರೆ ಥಟ್ಟನೆ ತೋರಿಸಿಯಾಳು. 1903ರ ಏಪ್ರಿಲ್ 30ರಂದು ಸಾವಿರಾರು ನಾವಿಕರು ಹಲ್ಕುಗಳನ್ನು ಬಿಟ್ಟು, ಸಾಲಾಗಿ ಹೆಜ್ಜೆ ಹಾಕುತ್ತ ಹೊಸ ಮನೆ ಹೊಕ್ಕರು.

ಮನೆ ಹೊಸದಾದರೂ ಒಳಗಿನ ಬದುಕನ್ನು ಹಡಗಿನಿಂದ ಎತ್ತಿ ತಂದು ಇಟ್ಟಂತಿತ್ತು. ಇಂಥ ಕಟ್ಟಡವನ್ನು ನೋಡುವವರು ಮೊದಲು ಗೋಪುರವನ್ನು, ಕಮಾನನ್ನು ನೋಡುತ್ತಾರೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಜನ ಎಲ್ಲಿ, ಹೇಗೆ ಮಲಗುತ್ತಿದ್ದರು ಎಂದು. ಈ ಬ್ಯಾರಕ್ಕುಗಳ ಉದ್ದನೆಯ ಕೋಣೆಗಳಲ್ಲಿ ಮಂಚಗಳಿರಲಿಲ್ಲ. ಇಕ್ಕೆಲದ ಕಬ್ಬಿಣದ ಕೊಕ್ಕೆಗಳಿಗೆ ಕ್ಯಾನ್ವಾಸಿನ ಜೋಲಿ ಕಟ್ಟಿ ಮಲಗುತ್ತಿದ್ದರು. ನಮ್ಮ ಮನೆಗಳಲ್ಲಿ ತೊಲೆಗೆ ಸೀರೆ ಕಟ್ಟಿ ಕೂಸನ್ನು ತೂಗುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಎರಡು ತುದಿಗಳಲ್ಲಿ ತೆಳ್ಳನೆಯ ಹಗ್ಗಗಳು ಬೀಸಣಿಗೆಯಂತೆ ಹರಡಿ ಒಂದು ಬಳೆಗೆ ಸೇರುತ್ತವೆ, ಬಳೆ ಕೊಕ್ಕೆಗೆ ಬೀಳುತ್ತದೆ. ಬೆಳಿಗ್ಗೆ ಎದ್ದ ಕೂಡಲೆ ಹಾಸಿಗೆ ಹೊದಿಕೆಗಳನ್ನು ಒಳಗಿಟ್ಟು ಜೋಲಿಯನ್ನು ಉದ್ದಕ್ಕೆ ಸುತ್ತಿ, ಹಗ್ಗದಿಂದ ಏಳು ಬಿಗಿಸುತ್ತು ಹಾಕಿ, ಕಬ್ಬಿನ ಜಲ್ಲೆಯಂತೆ ನೆಟ್ಟಗೆ ಮಾಡಿ ಒಂದು ಕಡೆ ಪೇರಿಸಬೇಕು. ಆಮೇಲೆ ಅದೇ ಕೋಣೆಯಲ್ಲಿ ಮೇಜು ಎಳೆದುಕೊಂಡು ಊಟ. ಮಲಗುವ, ಉಣ್ಣುವ, ಬಟ್ಟೆ ಹೊಲಿದುಕೊಳ್ಳುವ ಜಾಗ ಒಂದೇ ಆಗಿದ್ದರಿಂದ ಕೋಣೆಗೆ ಅಡ್ಡಗೋಡೆಗಳಿರಲಿಲ್ಲ, ಎರಡೂ ಕಡೆ ಎತ್ತರದ ಕಿಟಕಿಗಳಿದ್ದವು. ಹಡಗಿನಲ್ಲಿ ಎರಡು ಜೋಲಿಗಳ ನಡುವೆ ಎರಡು ಅಡಿಗೂ ಕಡಿಮೆ ಅಂತರದಲ್ಲಿ ಮಲಗಿ ರೂಢಿಯಾದವರಿಗೆ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವ ಈ ಕೋಣೆಯೇ ದೊಡ್ಡ ಸುಖವಾಗಿರಬೇಕು. ಚ್ಯಾಟಮ್‌ನಲ್ಲಿ ಈಜುಕೊಳವನ್ನೂ ಚೆಂಡು ಉರುಳಿಸಿ ಆಡುವ ಓಣಿಯನ್ನೂ ಕಟ್ಟಿದ್ದರು. ಸಂಜೆ ಹೊರಗಿನ ಸೆರೆಯಂಗಡಿಗಳ ಕಡೆ ಹೋಗುವ ಹುಡುಗರನ್ನು ಒಳಗೇ ಹಿಡಿದಿಡಬೇಕೆಂಬ ಲೆಕ್ಕವೂ ಅದರಲ್ಲಿತ್ತು.

ಇನ್ನು ಕವಾಯತು ಮನೆ. ಮಳೆಯ ನಾಡಿನಲ್ಲಿ ವರ್ಷದುದ್ದಕ್ಕೂ ಬಯಲಿನಲ್ಲಿ ಕವಾಯತು ನಡೆಸಲಾಗದು. ಮಾಡು ಹೊದಿಸಿದ ಮೈದಾನವೇ ಬೇಕು. ನಡುವೆ ಕಂಬ ಬಂದರೆ ಸಾಲು ಮುರಿಯುತ್ತದೆ, ಆದ್ದರಿಂದ ಗೋಡೆಯಿಂದ ಗೋಡೆಗೆ ಉಕ್ಕಿನ ಚೌಕಟ್ಟುಗಳನ್ನು ಹಾಸಿ ಅವುಗಳ ಮೇಲೆ ಮಾಡನ್ನು ನಿಲ್ಲಿಸಿದರು. 150 ಮೀಟರಿಗೂ ಮಿಕ್ಕಿ ಉದ್ದವಿರುವ ಆ ಮನೆಯ ನಡುಭಾಗಕ್ಕೆ ಪಕ್ಕದ ಕಿಟಕಿಗಳ ಬೆಳಕು ಸಾಲದೆಂದು ಮಾಡಿನಲ್ಲಿಯೇ ಗಾಜು ಕೂರಿಸಿದರು. ನಮ್ಮ ಹಳೆಯ ಮನೆಗಳ ಬೆಳಕಿಂಡಿಯ ಉದ್ದೇಶವೇ ಅದಕ್ಕೂ ಇತ್ತು. 1902ರಲ್ಲಿ ಅದು ಸಿದ್ಧವಾದಾಗ ಆಕಾಶದಿಂದ ಅಪಾಯ ಬಂದೀತೆಂದು ಯಾರೂ ಎಣಿಸುವಂತಿರಲಿಲ್ಲ, ಏಕೆಂದರೆ ಆಗ ಜಗತ್ತಿನಲ್ಲಿ ವಿಮಾನವೇ ಇರಲಿಲ್ಲ.

ತಾವು ಕೇಳಿದ 1917ರ ಸಂಗತಿ ನಿಜ. ಆ ವರ್ಷದ ಸೆಪ್ಟೆಂಬರ್ 3ರ ರಾತ್ರಿ ಬ್ಯಾರಕ್ಕುಗಳಲ್ಲಿ ಜಾಗ ಸಾಲದೆ ನೂರಾರು ನಾವಿಕರನ್ನು ಕವಾಯತು ಮನೆಯಲ್ಲಿ ಮಲಗಿಸಿದ್ದರು. ಜರ್ಮನಿಯ ಗೋಥಾ ವಿಮಾನಗಳು ಅಲ್ಲಿಯ ತನಕ ಹಗಲು ಹೊತ್ತಿನಲ್ಲಿ ಬರುತ್ತಿದ್ದವು. ಬೆಳದಿಂಗಳನ್ನು ನೆಚ್ಚಿ ಅವು ರಾತ್ರಿ ಬಂದದ್ದು ಅದೇ ಮೊದಲಾದ್ದರಿಂದ ಊರಿನ ದೀಪಗಳು ಉರಿಯುತ್ತಲೇ ಇದ್ದವು. ಬಾಂಬುಗಳು ನೇರವಾಗಿ ಮಾಡಿನ ಮೇಲೆ ಬಿದ್ದವು. ಸ್ಫೋಟದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಮೇಲಿನಿಂದ ಚೂರುಚೂರಾಗಿ ಸುರಿದ ದಪ್ಪ ಗಾಜು ಮಲಗಿದ್ದವರನ್ನು ಕತ್ತರಿಸಿತು. ಸುಮಾರು 130 ಜನ ಸತ್ತರು. ಗೋಪುರದ ಗಡಿಯಾರ 11 ಗಂಟೆ 12 ನಿಮಿಷಕ್ಕೆ ನಿಂತುಬಿಟ್ಟಿತು. ಸತ್ತವರಲ್ಲಿ ಹೆಚ್ಚಿನವರನ್ನು ಹತ್ತಿರದ ಜಿಲ್ಲಿಂಗಮ್‌ನ ವುಡ್‌ಲ್ಯಾಂಡ್ಸ್ ಸ್ಮಶಾನದಲ್ಲಿ ಸಾಲಾಗಿ ಮಣ್ಣು ಮಾಡಿದರು. ಅವರಲ್ಲಿ ಬಹಳಷ್ಟು ಜನ ತಮ್ಮ ಮಗಳ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು.

ಆ ಯುದ್ಧದಲ್ಲಿ ಚ್ಯಾಟಮ್ ಪಟ್ಟ ದುಃಖ ಇದೊಂದೇ ಅಲ್ಲ. ಪ್ರತಿಯೊಬ್ಬ ನಾವಿಕನೂ ಚ್ಯಾಟಮ್, ಪೋರ್ಟ್ಸ್‌ಮತ್, ಡೆವನ್‌ಪೋರ್ಟ್ ಈ ಮೂರರಲ್ಲಿ ಒಂದು ನೆಲೆಗೆ ಸೇರಿದವನಾಗಿರುತ್ತಿದ್ದ. ಒಂದು ಹಡಗಿಗೆ ಒಂದೇ ನೆಲೆಯ ಜನರನ್ನು ತುಂಬುವುದು ರೂಢಿ. 1914ರ ಸೆಪ್ಟೆಂಬರ್ 22ರಂದು ಅಬೌಕಿರ್, ಹೋಗ್, ಕ್ರೆಸಿ ಎಂಬ ಮೂರು ಹಡಗುಗಳನ್ನು ಒಂದೇ ಜಲಾಂತರ್ಗಾಮಿ ನೌಕೆ ಒಂದೇ ಬೆಳಿಗ್ಗೆ ಮುಳುಗಿಸಿ 1,400ಕ್ಕೂ ಹೆಚ್ಚು ಜನ ಸತ್ತಾಗ, ಆ ಮೂರೂ ಚ್ಯಾಟಮ್ ನೆಲೆಯ ಹಡಗುಗಳಾಗಿದ್ದುದರಿಂದ ಆ ಊರಿನ ಓಣಿಓಣಿಯಲ್ಲೂ ಸೂತಕ ಬಂತು. ಮಗಳಿಗೆ ಹೇಳಿ, ಅಲ್ಲಿ ಕುಳಿತು ಓದುವುದಕ್ಕೆ ಹೆದರಬೇಕಾಗಿಲ್ಲ. ಓದು ಮುಗಿದ ಒಂದು ಸಂಜೆ ವುಡ್‌ಲ್ಯಾಂಡ್ಸಿಗೆ ಹೋಗಿ ಆ ಸಾಲುಗಳ ನಡುವೆ ನಡೆದು ಬರಲಿ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ಡೆವನ್‌ಪೋರ್ಟಿನ ಬ್ಯಾರಕ್ಕು ಕಲ್ಲಿನದು, ಚ್ಯಾಟಮ್‌ನದು ಕೆಂಪು ಇಟ್ಟಿಗೆಯದು. ಒಂದೇ ಪಡೆಯ ಕಟ್ಟಡಗಳಲ್ಲಿ ಈ ಭೇದವೇಕೆ? ಇವನ್ನು ವಿಕ್ಟೋರಿಯಾ ಕಾಲದವು ಎನ್ನುವುದು ಸರಿಯೆ? ನಮ್ಮ ಊರಿನ ಹಳೆಯ ಸರಕಾರಿ ಕಟ್ಟಡಗಳಿಗೂ ಇವಕ್ಕೂ ನಂಟು ಇದೆಯೆ?
ಮಾಳಮಡ್ಡಿ, ಧಾರವಾಡ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ನೆಲದೊಳಗಿದೆ. ಡೆವನ್‌ಪೋರ್ಟ್ ಇರುವ ಪ್ಲಿಮತ್ ಪ್ರದೇಶದಲ್ಲಿ ಬೂದು ಸುಣ್ಣಕಲ್ಲು ಬೇಕಾದಷ್ಟು ಸಿಗುತ್ತದೆ. ಅಲ್ಲಿಯ ಗೌಂಡಿಗಳು ಅದನ್ನು ನಯ ಮಾಡದೆ, ಅಂಚುಗಳನ್ನಷ್ಟೇ ನೇರಗೊಳಿಸಿ ಮುಖವನ್ನು ಒರಟಾಗಿಯೇ ಉಳಿಸಿ ಗೋಡೆ ಎಬ್ಬಿಸಿದರು. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಕಲ್ಲಿನ ಉಬ್ಬೂ ತನ್ನದೇ ನೆರಳು ಚೆಲ್ಲುವುದರಿಂದ ಅಷ್ಟು ದೊಡ್ಡ ಗೋಡೆ ಬೋಳಾಗಿ ಕಾಣುವುದಿಲ್ಲ. ಚ್ಯಾಟಮ್ ಇರುವ ಮೆಡ್ವೇ ನದಿಯ ದಂಡೆಯಾದರೋ ಇಟ್ಟಿಗೆ ಮತ್ತು ಸಿಮೆಂಟಿನ ಸೀಮೆ, ಆದ್ದರಿಂದ ಅಲ್ಲಿ ಕೆಂಪು ಇಟ್ಟಿಗೆಯ ಗೋಡೆ, ಮೂಲೆಗಳಿಗೆ ಹಾಗೂ ಕಿಟಕಿಯ ಅಂಚುಗಳಿಗೆ ಬಿಳಿಯ ಕಲ್ಲು. ಇದು ನಮಗೆ ಹೊಸ ಸಂಗತಿಯೇನಲ್ಲ. ಬಾದಾಮಿಯ ಚಾಲುಕ್ಯರು ತಮ್ಮ ಮಗ್ಗುಲಿನ ಮರಳುಗಲ್ಲಿನಲ್ಲಿ ಕಟ್ಟಿದರು. ಕೆಲವು ಶತಮಾನಗಳ ತರುವಾಯ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯ ಶಿಲ್ಪಿಗಳ ಕೈಗೆ ಬಳಪದ ಕಲ್ಲು ಬಂದಾಗ ಕೆತ್ತನೆಯ ನಯವೇ ಬೇರೆಯಾಯಿತು. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಬಾಗಿಲುವಾಡದ ಕುಸುರಿಯನ್ನು ಮರಳುಗಲ್ಲಿನಲ್ಲಿ ತೆಗೆಯುವುದು ಎಷ್ಟು ಕಷ್ಟವೆಂದು ನೀವು ಒಮ್ಮೆ ಕಲ್ಲು ಕೆಲಸದವರನ್ನು ಕೇಳಿ ನೋಡಿ.

ಕಾಲದ ವಿಚಾರ ಹೇಳುವುದಾದರೆ, ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರ ಜನವರಿಯ ವರೆಗೆ. ಡೆವನ್‌ಪೋರ್ಟಿನ ಮೊದಲ ಕಟ್ಟಡಗಳು ಮತ್ತು 1896ರ ಗಡಿಯಾರದ ಗೋಪುರ ನಿಸ್ಸಂದೇಹವಾಗಿ ಅವಳ ಕಾಲದವು. ಆ ಗೋಪುರದಲ್ಲಿ ಮೊದಲು ಹಡಗುಗಳಿಗೆ ಸಂಜ್ಞೆ ಕೊಡುವ ಸಾಧನವೂ ಇತ್ತು. ಚ್ಯಾಟಮ್ ಮತ್ತು ಪೋರ್ಟ್ಸ್‌ಮತ್‌ಗಳ ಬುನಾದಿ ಅವಳ ಕಾಲದಲ್ಲಿ ಬಿತ್ತು, ಗೃಹಪ್ರವೇಶ ಅವಳ ಮಗನ ಕಾಲದಲ್ಲಾಯಿತು. ಅವುಗಳಲ್ಲಿ ಚೂಪು ಕಮಾನುಗಳ ಗೋಥಿಕ್ ರೀತಿ ಹಿಂದೆ ಸರಿದು, ಸಮಪಾರ್ಶ್ವದ ಮುಂಭಾಗ, ಕಲ್ಲಿನ ಪಟ್ಟಿ, ತ್ರಿಕೋನ ಮುಖಗಳಿರುವ ಹದಿನೇಳನೆಯ ಶತಮಾನದ ಇಂಗ್ಲಿಷ್ ರೀತಿ ಮರಳಿ ಬಂದಿದೆ. ಅಲಂಕಾರವನ್ನು ಹಂಚಿದ ಬಗೆಯನ್ನು ಗಮನಿಸಬೇಕು. ಹೆಬ್ಬಾಗಿಲು, ಗಡಿಯಾರ ಮತ್ತು ಅಧಿಕಾರಿಗಳ ಊಟದ ಮನೆಗೆ ಕೆತ್ತನೆ ಸಂದಿತು. ನಾವಿಕರ ಕಟ್ಟಡಗಳಿಗೆ ಸಂದದ್ದು ಕಿಟಕಿಗಳ ಸಾಲು ಮಾತ್ರ. ನನ್ನ ಕಣ್ಣಿಗೆ ಆ ಕಿಟಕಿಗಳ ಸಾಲೇ ಹೆಚ್ಚು ಚೆಂದ, ಏಕೆಂದರೆ ಅದರ ಹಿಂದೆ ಒಂದು ದೊಡ್ಡ ಪಾಠವಿದೆ.

ಆ ಪಾಠ ಕ್ರಿಮಿಯಾ ಯುದ್ಧದ್ದು. 1853ರಿಂದ 1856ರ ವರೆಗೆ ನಡೆದ ಆ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಗಳಿಗಿಂತ ಬಹುಪಾಲು ಹೆಚ್ಚಾಗಿ ರೋಗಗಳಿಂದ ಸತ್ತರು. ಫ್ಲಾರೆನ್ಸ್ ನೈಟಿಂಗೇಲ್ ಅವರ ಒತ್ತಾಯದಿಂದ 1857ರಲ್ಲಿ ಸೇನೆಯ ಆರೋಗ್ಯದ ಬಗ್ಗೆ ರಾಜ ಆಯೋಗ ಕುಳಿತಿತು. ಶಾಂತಿಕಾಲದಲ್ಲಿಯೂ ಬ್ಯಾರಕ್ಕಿನೊಳಗಿನ ಸೈನಿಕ ಹೊರಗಿನ ತನ್ನ ಸಮವಯಸ್ಕನಿಗಿಂತ ಬೇಗ ಸಾಯುತ್ತಾನೆಂಬುದು ಬಯಲಾಯಿತು. ಒಬ್ಬನಿಗೆ 600 ಘನ ಅಡಿಯಷ್ಟು ಗಾಳಿಯ ಜಾಗ ಇರಲೇಬೇಕೆಂಬ ಅಳತೆ ಆಗ ಗಟ್ಟಿಯಾಯಿತು. ಕೋಣೆಯ ಎತ್ತರ 12 ಅಡಿಯಾದರೆ ತಲೆಗೆ 50 ಚದರ ಅಡಿ ನೆಲ ಬೇಕಾಗುತ್ತದೆ; ನೂರು ಜನರಿಗೆ 5,000 ಚದರ ಅಡಿ. ನೀವೇ ಒಮ್ಮೆ ಕಾಗದದ ಮೇಲೆ ಗೆರೆ ಎಳೆದು ನೋಡಿ, ಬ್ಯಾರಕ್ಕು ಏಕೆ ಅಷ್ಟು ಉದ್ದ, ಏಕೆ ಅಷ್ಟು ಎತ್ತರ, ಏಕೆ ಅಡ್ಡಗಾಳಿ ಆಡುವಷ್ಟೇ ಅಗಲ ಎಂಬುದು ತಾನಾಗಿ ಮೂಡಿಬರುತ್ತದೆ. ಶೌಚಾಲಯ ಹಾಗೂ ಸ್ನಾನದ ಮನೆಗಳನ್ನು ಮಲಗುವ ಕೋಣೆಗೆ ನೇರವಾಗಿ ಅಂಟಿಸದೆ, ನಡುವೆ ಗಾಳಿಯಾಡುವ ಓಣಿಯೊಂದನ್ನು ಬಿಟ್ಟು ಪಕ್ಕಕ್ಕೆ ಕಟ್ಟುವ ಪದ್ಧತಿಯೂ ಇದೇ ಕಾಲದ್ದು. ನೆಲದ ಪಡೆಗೆ ಹೀಗೆ ರೂಪುಗೊಂಡ ಲೆಕ್ಕಗಳು ನಾಲ್ಕು ದಶಕ ತಡವಾಗಿ ನಾವಿಕನಿಗೆ ತಲುಪಿದವು. ಆ ತಡದ ಬೆಲೆಯನ್ನು ಹಲ್ಕುಗಳಲ್ಲಿದ್ದವರು ತಮ್ಮ ಪುಪ್ಪುಸಗಳಿಂದ ತೆತ್ತರು.

ಧಾರವಾಡದ ನಂಟಿನ ಬಗ್ಗೆ ಕೇಳಿದಿರಿ. ಬ್ರಿಟಿಷ್ ಸೇನೆಯ ಇಂಜಿನಿಯರುಗಳ ತರಬೇತಿ ಶಾಲೆ 1812ರಿಂದ ಇದೇ ಚ್ಯಾಟಮ್‌ನಲ್ಲಿತ್ತು. ನೌಕಾ ಬ್ಯಾರಕ್ಕಿನಿಂದ ನಡೆದು ಹೋಗುವಷ್ಟು ದೂರ. ಭಾರತಕ್ಕೆ ಬಂದು ರಸ್ತೆ, ಸೇತುವೆ, ಕಚೇರಿಗಳನ್ನು ಕಟ್ಟಿದ ರಾಯಲ್ ಇಂಜಿನಿಯರುಗಳು ಅಲ್ಲಿ ಕಲಿತವರು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗೂ ಆ ಶಾಲೆಯ ಅಳತೆಗೋಲು ತಲುಪಿತು ಎನ್ನಲು ಅಡ್ಡಿಯಿಲ್ಲ. ಹವೆ ಮಾತ್ರ ಬೇರೆ. ಅಲ್ಲಿ ಬಿಸಿಲನ್ನು ಒಳಗೆ ಕರೆಯಬೇಕು, ಇಲ್ಲಿ ಹೊರಗಿಡಬೇಕು. ಅದಕ್ಕೆಂದೇ ಇಲ್ಲಿ ಗೋಡೆಯ ಹೊರಗೆ ಕಮಾನಿನ ಪಡಸಾಲೆ ಸುತ್ತು ಹಾಕಿತು, ಮೇಲೆ ಮಂಗಳೂರು ಹೆಂಚು ಬಂತು. ‘ಲೈನು’ ಎಂಬ ಮಾತಂತೂ ನಮ್ಮ ಬಾಯಲ್ಲಿ ನೆಲೆಯಾಗಿಬಿಟ್ಟಿದೆ. ಸಿಪಾಯಿಗಳ ವಸತಿಯ ಸಾಲಿಗೆ ಇದ್ದ ಆ ಹೆಸರನ್ನು ಪೊಲೀಸ್ ಲೈನಿನಲ್ಲಿಯೂ, ಪೇಢಾ ತರಲು ಹೋಗುವ ಲೈನ್ ಬಜಾರದಲ್ಲಿಯೂ ನಾವು ದಿನಾ ಆಡುತ್ತೇವೆ.

ಪ್ರಶ್ನೆ: ನನ್ನ ತಮ್ಮನ ಮಗ ನೌಕಾಪಡೆ ಸೇರಿ ಕಾರವಾರದ ಐಎನ್‌ಎಸ್ ಕದಂಬದಲ್ಲಿದ್ದಾನೆ. ಐಎನ್‌ಎಸ್ ಎಂದರೆ ಭಾರತೀಯ ನೌಕಾ ಹಡಗು ಎಂದು ಅರ್ಥ ಹೇಳುತ್ತಾನೆ, ಆದರೆ ಕದಂಬ ಎಂಬುದು ಹಡಗಲ್ಲ, ನೆಲದ ಮೇಲಿನ ನೆಲೆ ಎನ್ನುತ್ತಾನೆ. ಇದು ಹೇಗೆ?
ಹಾನಗಲ್, ಹಾವೇರಿ ಜಿಲ್ಲೆ

ಉತ್ತರ: ಹುಡುಗ ಹೇಳಿದ ಎರಡೂ ಮಾತು ನಿಜ. 1866ರ ಬ್ರಿಟಿಷ್ ನೌಕಾ ಶಿಸ್ತಿನ ಕಾನೂನು, ಯಾವುದಾದರೊಂದು ಹಡಗಿನ ಪುಸ್ತಕದಲ್ಲಿ ಹೆಸರಿದ್ದವನಿಗೆ ಅನ್ವಯವಾಗುತ್ತಿತ್ತು. ನಾವಿಕನನ್ನು ದಡದ ಬ್ಯಾರಕ್ಕಿಗೆ ತಂದು ಇರಿಸಿದಾಗ ಅವನ ಹೆಸರು ಯಾವ ಹಡಗಿನ ಪುಸ್ತಕದಲ್ಲಿರಬೇಕು ಎಂಬ ಪ್ರಶ್ನೆ ಎದ್ದಿತು. ಅದಕ್ಕಾಗಿ ಬ್ಯಾರಕ್ಕಿಗೇ ಹಡಗಿನ ಹೆಸರು ಕೊಟ್ಟರು, ಆ ಹೆಸರಿನ ಒಂದು ನೌಕೆಯನ್ನು ಲೆಕ್ಕಕ್ಕೆಂದು ನೀರಿನಲ್ಲಿ ಇಟ್ಟುಕೊಂಡರು. ಚ್ಯಾಟಮ್‌ನ ಬ್ಯಾರಕ್ಕು ಪೆಂಬ್ರೋಕ್ ಆಯಿತು. ಡೆವನ್‌ಪೋರ್ಟಿನದು ವಿವಿಡ್ ಆಗಿದ್ದು 1934ರಲ್ಲಿ ಡ್ರೇಕ್ ಆಯಿತು. ಪೋರ್ಟ್ಸ್‌ಮತ್‌ನದು ವಿಕ್ಟರಿ ಆಗಿದ್ದು 1974ರಿಂದ ನೆಲ್ಸನ್ ಎನಿಸಿಕೊಂಡಿತು. ಇವುಗಳಿಗೆ ‘ಕಲ್ಲಿನ ಹಡಗು’ ಎಂಬ ಅಡ್ಡಹೆಸರೂ ಬಂತು. ಹೆಸರಿನೊಡನೆ ನುಡಿಯೂ ಬಂತು. ನೆಲವನ್ನು ಡೆಕ್ಕು ಎನ್ನುವುದು, ಅಡಿಗೆಮನೆಯನ್ನು ಗ್ಯಾಲಿ ಎನ್ನುವುದು, ಗೇಟು ದಾಟಿ ಪೇಟೆಗೆ ಹೋದರೆ ದಡಕ್ಕೆ ಹೋದೆ ಎನ್ನುವುದು. ನಿಮ್ಮ ತಮ್ಮನ ಮಗ ರಜೆಯಲ್ಲಿ ಬಂದಾಗ ಅವನ ಮಾತನ್ನು ಲಕ್ಷ್ಯವಿಟ್ಟು ಕೇಳಿ, ಇವುಗಳಲ್ಲಿ ಒಂದೆರಡು ಖಂಡಿತ ಕಿವಿಗೆ ಬಿದ್ದಾವು. ಭಾರತದ ನೌಕಾಪಡೆ ಈ ಸಂಪ್ರದಾಯವನ್ನು ಉಳಿಸಿಕೊಂಡು ಹೆಸರುಗಳನ್ನು ಮಾತ್ರ ನಮ್ಮ ಇತಿಹಾಸದಿಂದ ಆರಿಸಿಕೊಂಡಿತು. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ನೆಲೆಗೆ ಬನವಾಸಿಯನ್ನು ಆಳಿದ ಕದಂಬರ ಹೆಸರು ಬಂದಿರುವುದು, ಕದಂಬರ ಒಂದು ಶಾಖೆ ರಾಜಧಾನಿ ಮಾಡಿಕೊಂಡಿದ್ದ ನಿಮ್ಮ ಊರಿನವರಿಗೆ ವಿಶೇಷ ಸಂತೋಷದ ವಿಷಯವೇ ಸರಿ.

ಪ್ರಶ್ನೆ: ಬ್ಯಾರಕ್ಕು ಎಂದರೆ ಶಿಸ್ತಿನ ಮನೆ ಎನ್ನುತ್ತಾರೆ. ಅಷ್ಟು ಜನರನ್ನು ಒಂದೆಡೆ ಕೂಡಿಟ್ಟರೆ ಅಸಮಾಧಾನವೂ ಕೂಡಿಬರುವುದಿಲ್ಲವೆ? ಮುಂಬಯಿಯ ನಾವಿಕರ ಬಂಡಾಯಕ್ಕೂ ಬ್ಯಾರಕ್ಕುಗಳಿಗೂ ಸಂಬಂಧವಿತ್ತೆ?
ಬೆಟಗೇರಿ, ಗದಗ

ಉತ್ತರ: ಪೋರ್ಟ್ಸ್‌ಮತ್‌ನ ಬ್ಯಾರಕ್ಕು ತೆರೆದ ಮೂರೇ ವರ್ಷಕ್ಕೆ ಅದು ಗೊತ್ತಾಯಿತು. 1906ರ ನವೆಂಬರಿನ ಒಂದು ಸಂಜೆ, ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಸ್ಟೋಕರುಗಳು ಹಾಜರಿಗೆ ನಿಂತಿದ್ದಾಗ ಮಳೆ ಬಂತು. ಕೆಲವರು ಸಾಲು ಬಿಟ್ಟು ಆಸರೆಗೆ ಓಡಿದರು. ಅಧಿಕಾರಿ ಅವರನ್ನು ವ್ಯಾಯಾಮದ ಮನೆಗೆ ಕರೆಸಿ ಮೊಣಕಾಲೂರಲು ಆಜ್ಞೆ ಮಾಡಿದ. ಕವಾಯತಿನಲ್ಲಿ ಅದು ಇದ್ದ ಆಜ್ಞೆಯೇ ಆದರೂ, ಗದರಿಸುವುದಕ್ಕೆಂದು ಮೊಣಕಾಲೂರಿಸಿದ್ದು ಅವಮಾನವೆಂದು ಅವರಿಗೆ ತಟ್ಟಿತು. ಅಂದು ಮತ್ತು ಮರುದಿನ ರಾತ್ರಿ ಗಲಭೆಯಾಯಿತು, ಕೆಲವರಿಗೆ ಸೈನಿಕ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಹಲ್ಕುಗಳಲ್ಲಿ ಚದುರಿ ಇದ್ದವರು ಈಗ ಒಂದೇ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಾಗಿದ್ದರು. ಕಟ್ಟಿಸಿದವರು ಯೋಚಿಸದೆ ಬಿಟ್ಟ ಸಂಗತಿ ಅದೇ.

ಮುಂಬಯಿಯ ಸಂಗತಿ ಇನ್ನೂ ದೊಡ್ಡದು. 1946ರ ಫೆಬ್ರುವರಿ 18ರಂದು ಮುಷ್ಕರ ಹೊತ್ತಿಕೊಂಡ ತಲ್ವಾರ್ ಎಂಬುದೂ ನೀರ ಮೇಲಿನ ಹಡಗಾಗಿರದೆ, ತಂತಿ ಮತ್ತು ಸಂಜ್ಞೆಯ ಕೆಲಸ ಕಲಿಸುವ ನೆಲದ ನೆಲೆಯಾಗಿತ್ತು. ತಿನ್ನಲಾಗದ ಊಟ, ಅಧಿಕಾರಿಯ ಜನಾಂಗೀಯ ನಿಂದೆ, ಬಿಳಿಯರಿಗೂ ನಮ್ಮವರಿಗೂ ಸಂಬಳ ಸೌಲಭ್ಯಗಳಲ್ಲಿದ್ದ ಅಂತರ, ಇವೆಲ್ಲದರ ಮೇಲೆ ಆಜಾದ್ ಹಿಂದ್ ಫೌಜಿನ ವಿಚಾರಣೆಗಳು ಎಬ್ಬಿಸಿದ ಕಾವು. ಎಲ್ಲ ಸೇರಿ ಕೆಲವೇ ದಿನಗಳಲ್ಲಿ ಸುಮಾರು 20,000 ನಾವಿಕರು ಕೆಲಸ ನಿಲ್ಲಿಸಿದರು. ಫೆಬ್ರುವರಿ 21ರಂದು ಸೇನೆ ಸುತ್ತುವರಿದು ಗುಂಡಿನ ಕಾಳಗ ನಡೆದದ್ದು ಕ್ಯಾಸಲ್ ಬ್ಯಾರಕ್ಕಿನಲ್ಲಿ. ಮುಂಬಯಿ ಕೋಟೆಯ ಹಳೆಯ ಗೋಡೆಯೊಳಗಿದ್ದ ಆ ಬ್ಯಾರಕ್ಕು ಒಳಗಿನವರನ್ನು ಕಾಯಲು ಕಟ್ಟಿದ್ದಾಗಿದ್ದರಿಂದ, ಒಳಗಿದ್ದ ನಾವಿಕರಿಗೇ ಅಂದು ಗೋಡೆ ಒದಗಿಬಂತು. ಇಂದು ಆ ಜಾಗ ಐಎನ್‌ಎಸ್ ಆಂಗ್ರೆ. ಎಷ್ಟೋ ಸಲ ಮುಂಬಯಿಗೆ ಹೋಗಿ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲ ಮೇಲೆ ಕುಳಿತು ಬಂದವರಿಗೂ, ಹಿಂಬದಿಯ ಆ ಗೋಡೆಯ ಕಥೆ ತಿಳಿದಿರುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಪ್ರಶ್ನೆ: ಹಿಂದಿನ ಪತ್ರದಲ್ಲಿ ಒಂದು ಮಾತು ಕೇಳುವುದನ್ನು ಮರೆತೆ. ನೌಕಾಪಡೆ ಬಿಟ್ಟುಹೋದ ಮೇಲೆ ಆ ಕಟ್ಟಡಗಳನ್ನು ಕೆಡವದೆ ಕಾಲೇಜು ಮಾಡಿದ್ದು ಹೇಗೆ? ನಮ್ಮ ಕರ್ನಾಟಕ ಕಾಲೇಜಿನಂತೆಯೇ ಆಯಿತೆ?
ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಹುಮಟ್ಟಿಗೆ ಹಾಗೆಯೇ. ಸದರ್ನ್ ಮರಾಠಾ ರೈಲ್ವೆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿ, ಮುಖ್ಯ ಕಚೇರಿ ಮದ್ರಾಸಿಗೆ ಹೋದಾಗ ಧಾರವಾಡಕ್ಕೆ ದೊಡ್ಡ ನಷ್ಟವಾಯಿತು. ಆದರೆ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಆ ಕಟ್ಟಡ ನೆಲೆ ಕೊಟ್ಟಿತು. ಚ್ಯಾಟಮ್‌ನ ಹಡಗುಕಟ್ಟೆ 1984ರಲ್ಲಿ ಮುಚ್ಚಿದಾಗ ಆ ಸೀಮೆಯ ಸಾವಿರಾರು ಜನರ ಕೆಲಸ ಹೋಯಿತು, ಅದರೊಡನೆ ಬ್ಯಾರಕ್ಕೂ ಬರಿದಾಯಿತು. 1990ರ ದಶಕದಲ್ಲಿ ಗ್ರೀನಿಚ್ ವಿಶ್ವವಿದ್ಯಾಲಯ ಅಲ್ಲಿಗೆ ಬಂತು. ಆಮೇಲೆ ಇತರ ವಿಶ್ವವಿದ್ಯಾಲಯಗಳೂ ಜತೆಗೂಡಿದವು, ಕವಾಯತು ಮನೆ ಎಲ್ಲರಿಗೂ ಸೇರಿದ ಗ್ರಂಥಾಲಯವಾಯಿತು. ಈ ಬಗೆಯ ಕಟ್ಟಡ ವಿದ್ಯೆಗೆ ಒದಗುವುದಕ್ಕೆ ಕಾರಣ ಅದರ ಮೂಲ ನಕಾಶೆಯಲ್ಲಿಯೇ ಇದೆ. ನೂರು ಜನರ ಉಸಿರಿಗೆಂದು ಅಳೆದು ಕಟ್ಟಿದ ಕೋಣೆಯಲ್ಲಿ ಅರವತ್ತು ವಿದ್ಯಾರ್ಥಿಗಳು ಧಾರಾಳವಾಗಿ ಕೂರಬಹುದು, ಎರಡೂ ಕಡೆಯ ಕಿಟಕಿಗಳು ಓದುವವರಿಗೆ ಬೆಳಕು ಕೊಡುತ್ತವೆ. ಕಂಬವಿಲ್ಲದ ಕವಾಯತು ನೆಲದಲ್ಲಿ ಪುಸ್ತಕದ ಕಪಾಟುಗಳನ್ನು ಬೇಕಾದಂತೆ ನಿಲ್ಲಿಸಬಹುದು, ಬೇಡವಾದಾಗ ಸರಿಸಬಹುದು. ಗೋಡೆ ಒಡೆಯುವ ಪ್ರಮೇಯ ಕಡಿಮೆ.

ತಾವು ಕಳಿಸಿದ ಫೋಟೊಗಳಲ್ಲಿ ಒಂದನ್ನು ನಾನು ಬಹಳ ಹೊತ್ತು ನೋಡಿದೆ. ಮೇಲೆ ಉಕ್ಕಿನ ಚೌಕಟ್ಟು, ಕೆಳಗೆ ದೀಪವಿಟ್ಟ ಮೇಜು, ಮೇಜಿನ ಮೇಲೆ ಮಗಳ ಪುಸ್ತಕಗಳು, ಪಕ್ಕದಲ್ಲಿ ಸ್ಟೀಲಿನ ಊಟದ ಡಬ್ಬಿ. ಮುಂದಿನ ಸಲ ಫೋಟೊ ತೆಗೆಯುವಾಗ ಅವಳು ತರಗತಿಯ ಕೋಣೆಗಳ ಗೋಡೆಗಳನ್ನೂ ತೊಲೆಗಳನ್ನೂ ತಲೆಯೆತ್ತರದಲ್ಲಿ ಹುಡುಕಿ ನೋಡಲಿ. ಎಲ್ಲಾದರೂ ಬಣ್ಣದ ಪದರಗಳ ಕೆಳಗೆ, ಸಮ ಅಂತರದಲ್ಲಿ ಕೊಕ್ಕೆ ಕಿತ್ತ ಗುರುತುಗಳು ಸಾಲಾಗಿ ಕಂಡರೆ, ಅವುಗಳ ನಡುವಿನ ಅಳತೆ ತೆಗೆದು ನನಗೆ ಬರೆದು ಕಳಿಸಲಿ.